ಒಂದೇ ಪದದ ವರದಿ

ಮೊದಲು ಬಾಗಿಲು ಮುಂದಕ್ಕೆ ಮಾಡಿ. ಚಿಲಕ ಬೇಡ, ಹಾಡುಹಗಲು ಚಿಲಕ ಹಾಕಿದರೆ ಬೀದಿಯ ಕಣ್ಣೆಲ್ಲ ಇತ್ತಲೇ ತಿರುಗುತ್ತದೆ. ಈಗ ಹೇಳುವುದನ್ನು ಎಡಗಿವಿಯಲ್ಲಿ ಕೇಳಿ, ಬಲಗಿವಿಗೂ ಗೊತ್ತಾಗದ ಹಾಗೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ಒಪ್ಪಿಗೆಯಾದರೆ ಮುಂದೆ ಕೇಳಿ.

ಬೀದಿಯ ಕೊನೆಯಲ್ಲಿರುವ ಛತ್ರಿ ಕಂಪನಿಗೆ ನಾನಾ ದೇಶಗಳಲ್ಲಿ ಶಾಖೆಗಳಿವೆ. ಪ್ರತಿ ಶಾಖೆಯಲ್ಲೂ ಒಂದು ಸಂಶೋಧನಾ ವಿಭಾಗವಿದೆ. ಯಾವ ವಿಭಾಗದಲ್ಲೂ ಈವರೆಗೆ ಯಾವ ಅವಘಡವೂ ಸಂಭವಿಸಿಲ್ಲ, ಏಕೆಂದರೆ ಅಲ್ಲಿ ಏನೂ ಸಂಭವಿಸಿಲ್ಲ.

ಇಲ್ಲಿಯ ವಿಭಾಗಕ್ಕೆ ಮುಖ್ಯಸ್ಥ, ಇದನ್ನು ಹೇಳುತ್ತಿರುವ ಈ ಮುದುಕಿಯ ಪಕ್ಕದ ಮನೆಯವಳ ಗಂಡ. ಛತ್ರಿಯ ಕಡ್ಡಿಗೂ ಅವನಿಗೂ ಮೈಕಟ್ಟಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ ಎಲ್ಲರೂ ಕಡ್ಡಿ ಸಾಹೇಬ ಎನ್ನುತ್ತಾರೆ. ಎದುರಿಗೆ ಬರೀ ಸಾಹೇಬ. ಗಾಳಿಗೆ ಮಗುಚಿಕೊಳ್ಳದ ಛತ್ರಿ ಕಂಡುಹಿಡಿಯುವುದು ಅವನ ಕೆಲಸ. ಅದಕ್ಕೆಂದು ಕಂಪನಿ ಒಂದು ಕೋಣೆಯನ್ನೂ, ಗಾಳಿ ಪರೀಕ್ಷೆಗೆ ಆಳೆತ್ತರದ ಫ್ಯಾನನ್ನೂ, ವಾಸಕ್ಕೆ ಬಾಲ್ಕನಿಯಿರುವ ಮನೆಯನ್ನೂ ಕೊಟ್ಟಿತ್ತು. ಅವನು ದಿನಾ ಮಧ್ಯಾಹ್ನ ಡಬ್ಬಿ ಬಿಚ್ಚಿ ಉಂಡು, ಫ್ಯಾನು ಹಾಕಿಕೊಂಡು ಮೇಜಿನ ಮೇಲೆ ಮಲಗುತ್ತಿದ್ದ. ಆ ಗಾಳಿಗೆ ಆಗಾಗ ಮಗುಚಿಕೊಳ್ಳುತ್ತಿದ್ದವನು ಅವನೊಬ್ಬನೇ. ಹೆಂಡತಿ ಅತ್ತ ಬಾಲ್ಕನಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತ, ಕೆಳಗೆ ಹೋಗಿಬರುವವರನ್ನು ಮಹಾರಾಣಿಯಂತೆ ವಿಚಾರಿಸಿಕೊಳ್ಳುತ್ತಿದ್ದಳು.

ಹೀಗೆ ಸಂಶೋಧನೆ ಸುಗಮವಾಗಿ ಸಾಗಿದ್ದಾಗ ಕಡಲಾಚೆಯ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು.

"ಸಮಸ್ತ ಶಾಖೆಗಳಿಗೆ ತಿಳಿಯಪಡಿಸುವುದೇನೆಂದರೆ: ತಮ್ಮ ವಿಭಾಗವು ಏನನ್ನು ಸಂಶೋಧಿಸುತ್ತಿದೆ? ಅದನ್ನು ಇತರ ದೇಶಗಳ ಶಾಖೆಗಳಿಗೆ ಕೊಡುವಿರಾ? ನಿರ್ದೇಶಕರಿಗೆ ಬಿಡುವಿಲ್ಲದ ಕಾರಣ ಉತ್ತರವು ಒಂದೇ ಪದದಲ್ಲಿರತಕ್ಕದ್ದು. ಎರಡನೆಯ ಪದವನ್ನು ಅಶಿಸ್ತೆಂದು ಪರಿಗಣಿಸಲಾಗುವುದು. ಶೋಧವಿಲ್ಲದ ವಿಭಾಗವನ್ನು ಮುಚ್ಚಿ, ಮನೆಯನ್ನು ಹಿಂಪಡೆಯಲಾಗುವುದು."

ಕಡ್ಡಿ ಸಾಹೇಬ ಸುತ್ತೋಲೆಯನ್ನು ಮನೆಗೆ ಹೊತ್ತು ತಂದ. ಎರಡು ಪ್ರಶ್ನೆಗೆ ಒಂದು ಪದ ಎಲ್ಲಿಂದ ತರುವುದು? ಮೊದಲನೆಯದಕ್ಕೆ ಉತ್ತರಿಸಿ, ಎರಡನೆಯದನ್ನು ದೇವರಿಗೆ ಬಿಡುವುದೆಂದು ತೀರ್ಮಾನಿಸಿದ.

"ಛತ್ರಿ ಅಂತ ಬರೆದುಬಿಡ್ತೀನಿ ಕಣೆ," ಎಂದ ಹೆಂಡತಿಗೆ.

"ಬೇಡಾರೀ. ದೊಡ್ಡ ಸಾಹೇಬ್ರು ತಮ್ಮನ್ನೇ ಛತ್ರಿ ಅಂದ ಅಂತ ತಿಳ್ಕೊಂಡ್ರೆ? ಇಲ್ಲಾ, ನೀವು ನಿಮ್ಮ ಗುಣ ಒಪ್ಕೊಂಡಿದೀರಿ ಅಂತಾದ್ರೂ ತಿಳ್ಕೋತಾರೆ."

ಮಾತಿನಲ್ಲಿ ಹುರುಳಿತ್ತು. ಅವನು ಶಾಲೆಯಲ್ಲಿ ಕಲಿತಿದ್ದ ಮರ್ಯಾದಸ್ಥ ಪದವನ್ನು ನೆನಪಿಸಿಕೊಂಡು ಉತ್ತರ ಕಳಿಸಿದ: "ಕೊಡೆ."

ಕೇಂದ್ರ ಕಚೇರಿಯಲ್ಲಿ ಆದದ್ದು ಇಲ್ಲಿಗೆ ಹೇಗೆ ಗೊತ್ತಾಯಿತೆಂದು ಕೇಳಬೇಡಿ. ನಿರ್ದೇಶಕರಿಗೆ ಡ್ರೈವರ್ ಇದ್ದಾನೆ, ಡ್ರೈವರಿಗೆ ಕಿವಿ ಇದೆ, ಮೇಲಾಗಿ ಹೆಂಡತಿಯೂ ಇದ್ದಾಳೆ. ನಿರ್ದೇಶಕರೆಲ್ಲ ಕನ್ನಡಕ ಏರಿಸಿ ಆ ಪದವನ್ನು ಓದಿದರು. ಕೊಡುವಿರಾ ಎಂದು ಕೇಳಿದ್ದಕ್ಕೆ ಕೊಡೆ ಎಂದಿದ್ದಾನೆ! ಇವನ ಸೊಕ್ಕು ಮುರಿಯಬೇಕು, ಇವತ್ತೇ ಮನೆಗೆ ಕಳಿಸಬೇಕು ಎಂದು ಒಬ್ಬ ಮೇಜು ಗುದ್ದಿದ. ಕೂದಲಿಗೆ ಕಪ್ಪು ಬಳಿದುಕೊಂಡ ಅಧ್ಯಕ್ಷರು ಮಾತ್ರ ಕಣ್ಣು ಮುಚ್ಚಿ ಧ್ಯಾನಿಸಿ ಹೇಳಿದರು:

"ಸುಮ್ನಿರ್ರೀ. ಇಲ್ಲದೋನು ಇಲ್ಲ ಅಂತಾನೆ. ಕೊಡಲ್ಲ ಅನ್ನೋ ಧೈರ್ಯ ಬರೋದು ಇರೋನಿಗೆ ಮಾತ್ರ."

ಸಭೆ ತಲೆದೂಗಿತು. ಆ ಕೋಣೆಯಲ್ಲಿರುವುದು ಕಂಪನಿಯ ಪ್ರಾಣವೆಂದು ಠರಾವಾಯಿತು. ಒಂದು ಮಧ್ಯಾಹ್ನ ಕಡ್ಡಿ ಸಾಹೇಬ ಅರ್ಧ ಊಟಕ್ಕೆ ಎದ್ದು ಹೊರಗೆ ಇನ್ನೂ ಕೈ ತೊಳೆಯುತ್ತಿದ್ದಾಗಲೇ ಬಂದು ಕೋಣೆಗೆ ಬೀಗ ಜಡಿದರು. ಬಾಗಿಲಿಗೆ ಕಾವಲುಗಾರ, ಕಾವಲುಗಾರ ಇಣುಕದಂತೆ ನೋಡಿಕೊಳ್ಳಲು ಇನ್ನೊಬ್ಬ. ಶೋಧದ ಗುಟ್ಟು ಮೊದಲು ಬಿಟ್ಟುಕೊಡುವುದು ಶೋಧಿಸಿದವನ ಬಾಯೇ ಎಂಬ ನಿಯಮದ ಮೇರೆಗೆ ಅವನಿಗೇ ಒಳಗೆ ಪ್ರವೇಶ ನಿಷಿದ್ಧವಾಯಿತು. ಹೊರಗೊಂದು ಕುರ್ಚಿ ಹಾಕಿಕೊಟ್ಟರು. ಫ್ಯಾನಿಲ್ಲವೆಂಬುದೊಂದೇ ಅವನ ಕೊರಗು.

ಒಳಗೆ ಉಳಿದದ್ದು ಮೇಜು, ಫ್ಯಾನು ಮತ್ತು ಅರ್ಧ ಉಂಡ ಊಟದ ಡಬ್ಬಿ. ಡಬ್ಬಿ ತನ್ನ ಧರ್ಮವನ್ನು ಪಾಲಿಸಿತು. ವಾರ ಕಳೆಯುವುದರೊಳಗೆ ಬಾಗಿಲ ಸಂದಿಯಿಂದ ಎಂಥ ವಾಸನೆ ಹೊರಟಿತೆಂದರೆ, ಹಿರಿಯ ಅಧಿಕಾರಿಗಳು ಮೂಗಿಗೆ ಕರವಸ್ತ್ರ ಹಿಡಿದು, ರಾಸಾಯನಿಕ ಕ್ರಿಯೆ ನಿರ್ಣಾಯಕ ಹಂತ ತಲುಪಿದೆ ಎಂದು ಮೇಲಕ್ಕೆ ವರದಿ ಮಾಡಿದರು. ಅದೂ ಒಂದೇ ಪದದಲ್ಲಿ: "ಘಾಟು."

ಬೇರೆ ದೇಶಗಳ ಶಾಖೆಗಳಿಂದ ನಿಯೋಗಗಳು ಬಂದವು. ಸೂಟು ಹಾಕಿದ ಗಂಡಸರು ಬಾಗಿಲ ಮುಂದೆ ಮಂಡಿಯೂರಿ ಸಂದಿಗೆ ಮೂಗಿಟ್ಟು, ಉಸಿರು ಬಿಗಿಹಿಡಿದು ಹೊರಗೋಡಿ, ಒಬ್ಬರಿಗೊಬ್ಬರು ಕೈಕುಲುಕಿಕೊಂಡು ವಿಮಾನ ಹತ್ತಿದರು. ಇದಕ್ಕೆ ಕಂಪನಿಯ ಭಾಷೆಯಲ್ಲಿ ತಂತ್ರಜ್ಞಾನ ವರ್ಗಾವಣೆ ಎನ್ನುತ್ತಾರೆ. ಸ್ವಲ್ಪ ದಿನಕ್ಕೆ ಎಲ್ಲ ದೇಶಗಳಲ್ಲೂ ಬೀಗದ ಕೋಣೆಗಳಾದವು, ಎಲ್ಲ ಕೋಣೆಗಳಿಂದಲೂ ಅದೇ ವಾಸನೆ ಬರತೊಡಗಿತು, ಎಲ್ಲ ಶಾಖೆಗಳೂ ಕೇಂದ್ರಕ್ಕೆ "ಕೊಡೆ" ಎಂದವು. ಇಷ್ಟೊಂದು ದೇಶಗಳಲ್ಲಿ ಏಕಕಾಲಕ್ಕೆ ಕೊಡದಿರುವ ಸಂಸ್ಥೆ ಜಗತ್ತಿನಲ್ಲಿ ನಮ್ಮದೊಂದೇ ಎಂದು ಅಧ್ಯಕ್ಷರು ಭಾಷಣ ಮಾಡಿ ಹಾರ ಹಾಕಿಸಿಕೊಂಡರು. ಛತ್ರಿ ಹೊಲಿಯುವವರನ್ನೆಲ್ಲ ಕಾವಲಿಗೆ ಹಾಕಿದ್ದರಿಂದ ಅಂಗಡಿಯಲ್ಲಿ ಛತ್ರಿ ಸಿಗುತ್ತಿರಲಿಲ್ಲ. ಗಿರಾಕಿಗಳು ಮಳೆಯಲ್ಲಿ ನೆನೆಯುತ್ತಲೇ, ಹೊಸ ಛತ್ರಿ ಬಂದ್ರೆ ಭಾರಿಯಾಗೇ ಬರುತ್ತೆ ಬಿಡಿ, ಎಂದು ಹೆಮ್ಮೆಯಿಂದ ಸೀನುತ್ತಿದ್ದರು.

ಈ ನಡುವೆ ಪಕ್ಕದ ಮನೆಯವಳು ಹೊಸ ಡಬ್ಬಿ ಕೊಂಡು ತಂದಳು. ಹಳೆಯದೇನಾಯಿತು ಎಂದು ಕೇಳಿದರೆ, ಆ ದರಿದ್ರ ಕೋಣೇಲೇ ಉಳೀತು ಎಂದು ಗೊಣಗಿದಳು. ಸೂಜಿ ಸಿಕ್ಕಿದ ಮೇಲೆ ದಾರ ಪೋಣಿಸುವುದೆಷ್ಟು ಹೊತ್ತು? ಆದರೂ ಈ ಮುದುಕಿ ಅದನ್ನು ಯಾರಿಗೂ ಹೇಳಲಿಲ್ಲ. ಹಾಲಿನವನಿಗೆ, ಇಸ್ತ್ರಿಯವನಿಗೆ, ದರ್ಜಿಯ ತಾಯಿಗೆ ಹೇಳಿದ್ದನ್ನು ಹೇಳಿದ್ದು ಎನ್ನಲಾಗುವುದಿಲ್ಲ, ಅವರೆಲ್ಲ ಮನೆಯವರಿದ್ದ ಹಾಗೆ.

ಅಷ್ಟರಲ್ಲಿ ಕೇಂದ್ರ ಕಚೇರಿಯಿಂದ ತಪಾಸಣಾಧಿಕಾರಿ ಹೊರಟು ಬಂದಳು. ಗಟ್ಟಿ ಹೆಂಗಸು, ನಗುವುದನ್ನು ಯಾರೂ ಕಂಡಿಲ್ಲ. ಮರುದಿನ ಬೆಳಿಗ್ಗೆ ಬೀಗ ತೆಗೆಸಿ ಶೋಧವನ್ನು ಕಣ್ಣಾರೆ ನೋಡುವುದಾಗಿ ಪ್ರಕಟಿಸಿದಳು. ಕಡ್ಡಿ ಸಾಹೇಬ ಓಡಿ ಬಂದು ಹೆಂಡತಿಗೆ ಸುದ್ದಿ ಮುಟ್ಟಿಸಿದ. ಡಬ್ಬಿ ಕಂಡರೆ ಕೆಲಸ ಹೋಯಿತು, ಮನೆ ಹೋಯಿತು. ತವರಿಗೆ ಹೋಗೋಣವೆಂದರೆ ತವರಿಗೆ ಬಾಲ್ಕನಿಯಿಲ್ಲ ಎಂದು ಹೆಂಡತಿ ಮುಖ ಊದಿಸಿಕೊಂಡು ಪಾತ್ರೆ ಕಟ್ಟತೊಡಗಿದಳು. ಅತ್ತ ತಪಾಸಣಾಧಿಕಾರಿ ಸಂಜೆ ಬೀದಿಯಲ್ಲಿ ತಿರುಗಾಡಿ, ಹಾಲಿನವನನ್ನೂ ಇಸ್ತ್ರಿಯವನನ್ನೂ ಮಾತಾಡಿಸಿಕೊಂಡು ಹೋದಳು.

ಬೆಳಿಗ್ಗೆ ಕಡ್ಡಿ ಸಾಹೇಬ ಬಾಗಿಲ ಬಳಿ ನಿಂತ. ಆಕೆ ಬಂದಳು, ಬೀಗದ ಕೈ ಈಸಿಕೊಂಡಳು, ಬೀಗಕ್ಕೆ ತೂರಿಸಿದಳು, ಅವನ ಮುಖ ನೋಡಿದಳು. ಬೀಗದ ಕೈಯನ್ನು ಹಿಂದಕ್ಕೆ ತೆಗೆದು, ಇನ್ನೊಂದು ಬೀಗ ತರಿಸಿ ಅದನ್ನೂ ಜಡಿಸಿದಳು. ಸದರಿ ಬಾಗಿಲನ್ನು ಯಾವ ಕಾರಣಕ್ಕೂ ತೆರೆಯಕೂಡದೆಂದೂ, ಸದರಿ ಸಂಶೋಧಕನಿಗೆ ಬಡ್ತಿ ಕೊಟ್ಟು ಮನೆಯನ್ನು ಆಜೀವ ಬಿಟ್ಟುಕೊಡತಕ್ಕದ್ದೆಂದೂ ಅಪ್ಪಣೆಯಾಯಿತು. ಕಾವಲುಗಾರರು ಚಪ್ಪಾಳೆ ತಟ್ಟಿದರು. ಕಡ್ಡಿ ಸಾಹೇಬ ಕುರ್ಚಿಯಲ್ಲಿ ಕುಸಿದು ಕೂತ; ಅದನ್ನು ವಿನಯವೆಂದು ಬರೆದುಕೊಂಡರು.

ಹೀಗೇಕಾಯಿತೆಂದು ಬೀದಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ತಡೆಯಲಾರದೆ ಈ ಮುದುಕಿಯೇ ಸಕ್ಕರೆ ಕೇಳುವ ನೆಪದಲ್ಲಿ ಪಕ್ಕದ ಮನೆಗೆ ಹೋಗಿ, ಹೇಗೆ ಬಚಾವಾದ ಮಾರಾಯ್ತಿ ನಿನ್ನ ಗಂಡ, ಎಂದು ಮೆತ್ತಗೆ ಕೆದಕಿತು. ಅವಳು ಕಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ಬಿಚ್ಚಿಡುತ್ತಿದ್ದಳು. ಬಟ್ಟಲ ತುಂಬ ಸಕ್ಕರೆ ಅಳೆದು ಕೈಗಿಟ್ಟು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ನಿಮ್ಮ ಪುಣ್ಯ ದೊಡ್ಡಮ್ಮ. ಒಳಗೆ ಬರೀ ಊಟದ ಡಬ್ಬಿ ಇದೆ ಅಂತ ಬೀದಿಯವರು ಆಕೆಗೆ ಹೇಳಿದ್ರಂತೆ. ಯಾರು ಹೇಳಿದ್ದು ಅಂತ ಕೇಳಿದ್ಳಂತೆ. ನೀವು ಅಂತ ಗೊತ್ತಾಯ್ತು ನೋಡಿ, ಹಾಗಾದ್ರೆ ಡಬ್ಬಿ ಇರೋಕೆ ಸಾಧ್ಯಾನೇ ಇಲ್ಲ ಅಂತ ಎಲ್ಲಾರೂ ಅವರವರ ಮಕ್ಕಳ ಮೇಲೆ ಆಣೆ ಇಟ್ರಂತೆ. ಹಿಂದಿನ ಬೀದಿಗೆ ನೀವಿನ್ನೂ ಹೋಗಿಲ್ಲ ಅಲ್ವಾ? ಅಲ್ಲೂ ಒಂದು ಮಾತು ಹೇಳಿ ಬನ್ನಿ, ಇವರಿಗೆ ಕಾರೂ ಕೊಟ್ಟಾರು."