ಮೈನರ್ ಅರ್ಥಶಾಸ್ತ್ರಕ್ಕೆ ಪೋಷಕರ ಸಹಿ

ಇಂದ,
ಸ್ವರ್ಣಲತಾ ರೈ, ಪ್ರಾಯ ನಲವತ್ತೊಂದು,
ಪುತ್ತಿಗೆ, ಮೂಡುಬಿದಿರೆ.

ಗೆ,
ಪ್ರಾಂಶುಪಾಲರು,
ಪದವಿ ಕಾಲೇಜು, ಮೂಡುಬಿದಿರೆ.

ವಿಷಯ: ಅರ್ಥಶಾಸ್ತ್ರವನ್ನು ಮೈನರ್ ವಿಷಯವಾಗಿ ಓದಬಯಸಿದ ಕಾರಣಕ್ಕೆ ನಾನೇ ಮೈನರ್ ಆಗಿಬಿಟ್ಟಿರುವ ಬಗ್ಗೆ.

ಉಲ್ಲೇಖ: ೧. ತಮ್ಮ ಪ್ರವೇಶ ಅರ್ಜಿಯ ಕೊನೆಯ ಸಾಲು.
೨. ತಮ್ಮ ಗುಮಾಸ್ತ ಶೋಧನ್ ಅವರ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮಗೆ ಬಿಡುವಿದ್ದಲ್ಲಿ, ತಿಳಿಯಪಡಿಸುವುದೇನೆಂದರೆ:

೧. ನನ್ನ ಗಂಡ ರೋಹಿತ್ ರೈ ಮಸ್ಕತ್‌ನಲ್ಲಿ ದುಡಿಯುತ್ತಿರುವ ಕಾರಣ, ರೂಪಾಯಿ ಬೆಲೆ ಬಿದ್ದ ದಿನ ನಮ್ಮ ಮನೆಯಲ್ಲಿ ಪಾಯಸ. ಅವರು ಕಳುಹಿಸುವ ಹಣ ಅಂದು ಉಬ್ಬುತ್ತದೆ. ಕಳೆದ ರಜೆಯಲ್ಲಿ ಅವರು ಬಂದಿದ್ದಾಗ, "ರೂಪಾಯಿ ಬಿದ್ದರೆ ಅಂಗಡಿ ಸಾಮಾನಿಗೂ ರೇಟು ಏರುವುದಿಲ್ವಾ? ಮತ್ತೆ ಪಾಯಸ ಯಾಕೆ?" ಎಂದು ಕೇಳಿದೆ. ಮೈದುನ ಉಜ್ವಲ್, "ಅದು ಎಕನಾಮಿಕ್ಸ್ ಅತ್ತಿಗೆ, ನಿಮಗೆ ಅರ್ಥ ಆಗ್ಲಿಕ್ಕಿಲ್ಲ. ನೀವು ಬಡಿಸಿ" ಎಂದ. ಎಲ್ಲರೂ ನಕ್ಕರು. ನಾನು ಬಡಿಸಿದೆ. ಆ ಕಾರಣ, ಓದುವುದೆಂದು ತೀರ್ಮಾನಿಸಿದೆ.

೨. ಅರ್ಥಶಾಸ್ತ್ರವನ್ನು ಮೇಜರ್ ಆಗಿ, ಅಂದರೆ ಮುಖ್ಯ ವಿಷಯವಾಗಿ, ಓದಲು ಪಿಯುಸಿಯಲ್ಲಿ ಗಣಿತ ಇರಬೇಕೆಂಬುದು ತಮ್ಮ ನಿಯಮ. ನನಗೆ ಗಣಿತ ಇರಲಿಲ್ಲ. ಆದ್ದರಿಂದ ಇತಿಹಾಸ ಮೇಜರ್, ಅರ್ಥಶಾಸ್ತ್ರ ಮೈನರ್ ಎಂದು ಅರ್ಜಿ ತುಂಬಿದೆ. ಅದರ ಕೊನೆಯಲ್ಲಿ "ಮೈನರ್ ಆಗಿದ್ದಲ್ಲಿ ಪೋಷಕರ ಸಹಿ ಕಡ್ಡಾಯ" ಎಂದು ಅಚ್ಚಾಗಿದೆ. ಹದಿನೆಂಟು ತುಂಬದ ಮಕ್ಕಳಿಗಾಗಿ ಯಾರೋ ಬರೆದಿಟ್ಟ ಸಾಲು. ಶೋಧನ್ ಅವರು ಅದರ ಕೆಳಗೆ ಕೆಂಪು ಗೆರೆ ಎಳೆದು ಅರ್ಜಿ ವಾಪಸು ಕೊಟ್ಟರು.

"ನನಗೆ ನಲವತ್ತೊಂದು" ಎಂದೆ.

"ಪ್ರಾಯ ನಾನು ಕೇಳ್ಲಿಲ್ಲ ಮೇಡಂ. ಮೈನರ್ ಅಂತ ನೀವೇ ಬರ್ದದ್ದಲ್ವಾ?"

"ಅದು ವಿಷಯದ ಹೆಸರಿನ ಮುಂದೆ."

"ಎಲ್ಲಿ ಬೇಕಾದ್ರೂ ಇರ್ಲಿ. ಮೈನರ್ ಉಂಟಲ್ಲ? ಸಹಿ ಬೇಕು."

೩. ತಮ್ಮ ಕೊಠಡಿಗೆ ಬಂದೆ. ತಾವು ಅರ್ಜಿಯತ್ತ ನೋಡದೆಯೇ, "ಒಂದು ಸಹಿ ತಾನೇ? ಮನೆಯವರ ಹತ್ರ ಹಾಕಿಸಿ ಬನ್ನಿ, ಚರ್ಚೆ ಯಾಕೆ" ಎಂದಿರಿ. ತಮ್ಮ ಹೆಸರಿನ ಹಿಂದೆ ಡಾಕ್ಟರ್ ಎಂದಿರುವ ಕಾರಣ ತಮಗಾದರೂ ಇದು ಗೊತ್ತಾಗಬಹುದು ಎಂದು ಭಾವಿಸಿದ್ದು ನನ್ನದೇ ಪೆದ್ದುತನ.

೪. ಆ ಒಂದು ಸಹಿಗಾಗಿ ಮಸ್ಕತ್‌ಗೆ ಫೋನ್ ಮಾಡಿದೆ. ಗಂಡ ತುಳುವಿನಲ್ಲಿ ಅಂದದ್ದನ್ನು ತಮ್ಮ ಕಚೇರಿಯ ಅನುಕೂಲಕ್ಕಾಗಿ ಕನ್ನಡದಲ್ಲಿ ಸಲ್ಲಿಸುತ್ತಿದ್ದೇನೆ: "ಈ ಪ್ರಾಯದಲ್ಲಿ ನಿನಗೆ ಎಂತ ಕಾಲೇಜು ಮಾರಾಯ್ತಿ? ನೆಂಟರೆಲ್ಲ ನಗ್ತಾರೆ. ನಾನು ಸಹಿ ಹಾಕುವುದಿಲ್ಲ." ಅವರನ್ನು ಕೇಳದೆಯೇ ಸೇರುವುದೆಂದು ಬಸ್ಸು ಹತ್ತಿ ಬಂದವಳು ನಾನು. ಅವರ ಕೈಯಲ್ಲಿಲ್ಲದ ಅಧಿಕಾರವನ್ನು ತಮ್ಮ ಕಚೇರಿ ಕರೆದು ಕೊಟ್ಟಿತು. ನನಗೆ ಸಿಟ್ಟು ಬಂದದ್ದು ಇಲ್ಲಿ.

೫. ತಮ್ಮ ನಿಯಮದ ಪ್ರಕಾರ ಬೆಳಿಗ್ಗೆ ಇತಿಹಾಸದ ತರಗತಿಯಲ್ಲಿ ನಾನು ಮೇಜರ್, ಮಧ್ಯಾಹ್ನ ಅರ್ಥಶಾಸ್ತ್ರಕ್ಕೆ ಹೋಗುವಾಗ ಮೈನರ್. ನಡುವೆ ಊಟದ ಬಿಡುವಿನಲ್ಲಿ ಚುನಾವಣೆ ಬಂದರೆ ಮತ ಹಾಕಬಹುದೇ ಎಂದು ಶೋಧನ್ ಅವರನ್ನು ಕೇಳಲಿಲ್ಲ. ಅದಕ್ಕೂ ಒಂದು ಕೆಂಪು ಗೆರೆ ಎಳೆದಾರು.

ಆದ್ದರಿಂದ, ಶನಿವಾರವೇ ಪ್ರವೇಶಕ್ಕೆ ಕೊನೆಯ ದಿನವಾದ ಕಾರಣ, ನನ್ನ ಸಹಿಯನ್ನೇ ಒಪ್ಪಿ ಸೀಟು ಕೊಡಬೇಕು. ನನಗೆ ಓದಬೇಕು. ಇದನ್ನು ಕಚೇರಿಯ ಭಾಷೆಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಅದು ಅಸಾಧ್ಯವಾದಲ್ಲಿ, ನಾನು ಮೈನರ್ ಎಂದು ಕಾಲೇಜಿನ ಮೊಹರು ಹಾಕಿದ ದೃಢೀಕರಣ ಪತ್ರವನ್ನಾದರೂ ಕೊಡಬೇಕು. ಇಂದಿಗೂ ಮೈನರ್ ಆಗಿರುವವಳು ಹತ್ತೊಂಬತ್ತು ವರ್ಷದ ಹಿಂದೆ ಮದುವೆಯಾದಾಗ ಎಷ್ಟು ಪ್ರಾಯದವಳೆಂದು ಲೆಕ್ಕ ಹಾಕಲು ಪಿಯುಸಿ ಗಣಿತ ಬೇಡ. ಸದರಿ ಪತ್ರವನ್ನು ಮಕ್ಕಳ ಸಹಾಯವಾಣಿಯವರಿಗೆ ಒಪ್ಪಿಸಿ, ಗಂಡನ ಮೇಲೆ ಬಾಲ್ಯವಿವಾಹದ ದೂರು ಕೊಡುವವಳಿದ್ದೇನೆ.

ತಮ್ಮ ವಿಶ್ವಾಸಿ, ಸ್ವಂತ ಸಹಿಯಲ್ಲಿ,
ಸ್ವರ್ಣಲತಾ ರೈ

ಲಗತ್ತುಗಳು:
೧. ಎಸ್ಸೆಸ್ಸೆಲ್ಸಿ ಅಂಕಪಟ್ಟಿ (ಹುಟ್ಟಿದ ದಿನಾಂಕ ಉಂಟು, ಓದಬಲ್ಲವರು ಓದಬಹುದು).
೨. ಮತದಾರರ ಗುರುತಿನ ಚೀಟಿ.
೩. ಮದುವೆಯ ಫೋಟೋ. ಹಾರ ಹಾಕಿಕೊಂಡು ನಿಂತಿರುವ ಮಗು ನಾನು.

ವಿ.ಸೂ.: ದೂರು ದಾಖಲಾದ ಬಳಿಕ ಪೋಷಕರು ಜೈಲಿನಲ್ಲಿರುವ ಸಂಭವವಿರುವುದರಿಂದ, ಅವರ ಸಹಿಗಾಗಿ ಶೋಧನ್ ಅವರನ್ನು ಅಲ್ಲಿಗೇ ಕಳುಹಿಸಿಕೊಡಬೇಕಾಗಿ ವಿನಂತಿ.