ಎರಡು ಬೆರಳು ಕೆಳಗಿನ ಮಂಜೂರಾತಿ

ನಲ್ಲಿ ಸಂಪರ್ಕ ಮಂಜೂರಾತಿ ಕಚೇರಿಯ ಎಲ್ಲ ಕಂಪ್ಯೂಟರುಗಳಲ್ಲಿ ‘ಮಂಜೂರು’ ಎಂಬ ಗುಂಡಿಯು ಪರದೆಯ ಕೆಳ ಅಂಚಿಗಿಂತ ಎರಡು ಬೆರಳು ಕೆಳಗಿದೆ ಎಂಬುದು ದಾಖಲೆಗಳಿಂದ ದೃಢಪಟ್ಟ ಸಂಗತಿ. ಆ ಜಾಗದಲ್ಲಿ ಮೇಜು ಮಾತ್ರ ಇದೆ ಎಂಬುದನ್ನು ಜವಾನನು ಬಗ್ಗಿ ನೋಡಿ ಖಚಿತಪಡಿಸಿದ್ದಾನೆ.

ಹಳೆಯ ವ್ಯವಸ್ಥೆಯ ಪರವಾನಗಿ ತೀರಿದ್ದರಿಂದ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಯಾರು ಬೇಕಾದರೂ ಬಿಚ್ಚಿ ಸರಿಪಡಿಸಬಹುದಾದ ಮುಕ್ತ ತಂತ್ರಾಂಶವನ್ನು ಅಳವಡಿಸತಕ್ಕದ್ದೆಂದು ಸುತ್ತೋಲೆ ಬಂದಿತ್ತು. ಅಳವಡಿಸಲು ಬಂದವನು ನಲವತ್ತು ದಾಟಿದ ಮೆಕ್ಯಾನಿಕ್. ಕೊರಳಲ್ಲಿ ಸದಾ ವೈರಿನ ಸುರುಳಿ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ವೈರಣ್ಣ. ಕೆಲಸ ಮುಗಿಸಿದವನು, ಹೊಸ ವ್ಯವಸ್ಥೆಗೆ ಈ ಪರದೆಗಳ ಗುರುತು ಸಿಕ್ಕಿಲ್ಲ, ರೆಸಲ್ಯೂಷನ್ ತಪ್ಪಿದೆ, ಚಿತ್ರ ಪರದೆಗಿಂತ ದೊಡ್ಡದಾಗಿ ಕೆಳಗೆ ಜಾರುತ್ತಿದೆ, ಇನ್ನೊಂದು ಚಿಕ್ಕ ತಂತ್ರಾಂಶ ಹಾಕಿದರೆ ಸರಿಹೋಗುತ್ತದೆ ಎಂದ. ಸಾಹೇಬರು ಕಾರ್ಯಾದೇಶವನ್ನು ಎರಡು ಸಲ ಓದಿದರು. ಅದರಲ್ಲಿ ಅಳವಡಿಸುವುದು ಇತ್ತು, ಗುರುತು ಹಿಡಿಸುವುದು ಇರಲಿಲ್ಲ. ವೈರಣ್ಣ ಚೀಲ ಹೆಗಲಿಗೇರಿಸಿ ಹೊರಟುಹೋದ.

ಮರುದಿನ ಮೊದಲು ಕಂಗಾಲಾದವರು ಟೈಪಿಸ್ಟಮ್ಮ. ಟೈಪ್‌ರೈಟರು ಗುಜರಿಗೆ ಹೋಗಿ ಹದಿನೆಂಟು ವರ್ಷವಾಗಿದ್ದರೂ ಹೆಸರು ಅವರನ್ನು ಬಿಟ್ಟಿರಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟ ಗಂಡ ಮನೆಯಲ್ಲಿ. ಅವರ ಪರದೆಯ ಮೇಲೆ ಅಕ್ಷರಗಳು ಕುಂಬಳಕಾಯಿಯಂತೆ ಊದಿಕೊಂಡಿದ್ದವು. ಅರ್ಜಿಯ ಕೆಳಭಾಗ ನಾಪತ್ತೆ.

“ಸಾರ್, ಮಂಜೂರು ಕಾಣ್ತಿಲ್ಲ,” ಎಂದರು.

“ತಿರಸ್ಕೃತ ಕಾಣತ್ತಾ?”

“ಅದು ಮೇಲೇ ಇದೆ ಸಾರ್. ಕೆಂಪಗೆ.”

“ಹಾಗಾದ್ರೆ ಕೆಲಸ ನಿಲ್ಲಿಸೋಕೆ ಕಾರಣ ಇಲ್ಲ,” ಎಂದರು ಸಾಹೇಬರು.

ಕೆಲಸ ನಿಲ್ಲಲಿಲ್ಲ. ‘ತಮ್ಮ ಮಂಜೂರಾತಿಯು ಪರದೆಯ ವ್ಯಾಪ್ತಿಗೆ ಒಳಪಡದ ಕಾರಣ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ’ ಎಂಬ ಹಿಂಬರಹ ಮನೆಮನೆಗೆ ಹೋಯಿತು. ತಿರಸ್ಕರಿಸುವುದೂ ವಿಲೇವಾರಿಯೇ ಆದ್ದರಿಂದ, ಮೂರೇ ತಿಂಗಳಲ್ಲಿ ಕಚೇರಿಗೆ ಶೀಘ್ರ ವಿಲೇವಾರಿಯಲ್ಲಿ ಪ್ರಥಮ ಸ್ಥಾನ ಬಂತು. ಸಾಹೇಬರಿಗೆ ಶಾಲು ಹೊದಿಸಿದರು. ಆ ಹುರುಪಿನಲ್ಲಿ ಅವರು ಭಾವಮೈದುನನ ಅಂಗಡಿಯಿಂದ ದೊಡ್ಡ ಪರದೆಗಳನ್ನೇ ತರಿಸಿದರು. ಅವುಗಳ ಗುರುತೂ ವ್ಯವಸ್ಥೆಗೆ ಸಿಗಲಿಲ್ಲ. ಮೊದಲು ಚಿಕ್ಕದಾಗಿ ಕಾಣದಿದ್ದದ್ದು ಈಗ ದೊಡ್ಡದಾಗಿ ಕಾಣದಾಯಿತು.

ಆ ವಾರ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ನಾಲ್ಕನೆಯ ಅರ್ಜಿ ಹಿಡಿದು ಬಂದರು. ಮಗಳ ಬಾಣಂತನ ಅವರ ಮನೆಯಲ್ಲೇ ನಡೆಯುತ್ತಿತ್ತು. ಸೊಂಟ ಹಿಡಿದ ಹೆಂಡತಿ ಬೀದಿ ನಲ್ಲಿಯಿಂದ ಮೂರನೇ ಮಹಡಿಗೆ ಕೊಡ ಹೊರುತ್ತಿದ್ದರು. ಮೇಷ್ಟ್ರು ರೇಗಲಿಲ್ಲ. ಟೈಪಿಸ್ಟಮ್ಮನ ಪರದೆಯನ್ನು ಓರೆಯಾಗಿ ನೋಡಿ, “ಹಾಳೆ ಸಾಲದಿದ್ರೆ ಚಿತ್ರ ಚಿಕ್ಕದು ಮಾಡ್ಬೇಕಮ್ಮ, ಕಾಲು ಕತ್ತರಿಸಬಾರದು. ಮಕ್ಕಳಿಗೆ ಮೊದಲ ಪಾಠ ಇದೇ ಹೇಳ್ಕೊಡ್ತಿದ್ದೆ,” ಎಂದು ಅರ್ಜಿ ಇಟ್ಟು ಮೆಟ್ಟಿಲಿಳಿದರು. ಕೆಂಪು ಗುಂಡಿಯ ಮೇಲಿದ್ದ ಟೈಪಿಸ್ಟಮ್ಮನ ಕೈ ಆ ದಿನ ಮುಂದೆ ಸಾಗಲಿಲ್ಲ.

ಊಟದ ಹೊತ್ತಿನಲ್ಲಿ ಅವರು ವೈರಣ್ಣನಿಗೆ ಫೋನು ಮಾಡಿದರು. ಪರದೆ ಸರಿಯಾಗುವ ತನಕ, ಟ್ಯಾಬ್ ಕೀಲಿಯನ್ನು ಒಂಬತ್ತು ಸಲ ಒತ್ತಿ ಆಮೇಲೆ ಎಂಟರ್ ಒತ್ತಿದರೆ ಕಾಣದ ಗುಂಡಿಯೂ ಕೆಲಸ ಮಾಡುತ್ತದೆ ಎಂದನವನು. ಟೈಪಿಸ್ಟಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ತುಟಿಯಲ್ಲೇ ಎಣಿಸುತ್ತಾ ಒತ್ತಿದರು. ನಾಲ್ಕನೇ ದಿನ ಮೇಷ್ಟ್ರ ಮನೆಗೆ ನೀರು ಬಂತು.

ರುಚಿ ಕಂಡ ಬೆರಳು ಸುಮ್ಮನಿರುವುದುಂಟೇ? ದಿನವೂ ಊಟದ ಹೊತ್ತಿನಲ್ಲಿ ಐದಾರು ಮನೆಗೆ ನೀರು ಹರಿಯತೊಡಗಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅವರ ಮೇಜಿನೆದುರು ಸಾಲು ನಿಂತಿತು. ಸಾಲು ಕಂಡ ಸಾಹೇಬರು ನೋಟಿಸು ಕೊಟ್ಟರು: ‘ಕಣ್ಣಿಗೆ ಕಾಣದ ಗುಂಡಿಯನ್ನು ಕೇವಲ ನಂಬಿಕೆಯ ಮೇಲೆ ಒತ್ತಿ, ಸಾರ್ವಜನಿಕರಿಗೆ ನೀರು ದೊರಕುವಂತೆ ಮಾಡಿರುತ್ತೀರಿ.’

ಆ ರಾತ್ರಿ ಟೈಪಿಸ್ಟಮ್ಮನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕೆಲಸ ಹೋದರೆ ತಾನು ಮತ್ತೆ ಸೂಜಿ ಹಿಡಿಯುತ್ತೇನೆಂದು ಗಂಡ ಹೇಳಿದ. ಅವನಿಗೆ ಸೂಜಿಯ ಕಣ್ಣು ಕಾಣದೆಂಬುದು ಇಬ್ಬರಿಗೂ ಗೊತ್ತಿತ್ತು.

ವಿಚಾರಣಾಧಿಕಾರಿ ಸೌಮ್ಯ ಸ್ವಭಾವದವರು.

“ಕಾಣದೇ ಇರೋದನ್ನ ಒತ್ತಿದ್ದು ನಿಜಾನಾಮ್ಮ?”

“ನಿಜ ಸಾರ್. ನೀರು ಬಂತು.”

“ನೀರಿನ ವಿಷಯ ವಿಚಾರಣೆಯ ವ್ಯಾಪ್ತಿಗೆ ಬರಲ್ಲ.”

ಗುಂಡಿ ಇದೆಯೆಂದು ತೋರಿಸಲು ಅನುಮತಿ ಬೇಡಿ ಟೈಪಿಸ್ಟಮ್ಮ ಮರುದಿನ ವೈರಣ್ಣನನ್ನೇ ಕರೆತಂದರು. ಅವನು ಅಧಿಕಾರಿಗಳ ಚಹಾ ಆರುವುದರೊಳಗೆ ಟೈಪಿಸ್ಟಮ್ಮನ ಯಂತ್ರವೊಂದನ್ನು ಸರಿಮಾಡಿಬಿಟ್ಟ. ಅಕ್ಷರಗಳು ಇಳಿದು ಸ್ಫುಟವಾದವು. ಕೆಳಗಡೆ, ಎಳೆ ಹುಲ್ಲಿನ ಬಣ್ಣದಲ್ಲಿ, ‘ಮಂಜೂರು’. ಟೈಪಿಸ್ಟಮ್ಮನಿಗೆ ಕಣ್ಣು ತುಂಬಿ ಬಂತು. ಸಾಹೇಬರ ಮುಖ ಮಾತ್ರ ಹುಳ್ಳಗಾಯಿತು.

ವಿಚಾರಣಾಧಿಕಾರಿ ಯೋಚಿಸಿದರು. ಗುಂಡಿ ಇದೆಯೆಂದು ಒಪ್ಪಿದರೆ ಹಿಂದಿನ ತಿರಸ್ಕಾರಗಳೆಲ್ಲ ತಪ್ಪು. ಅವು ತಪ್ಪಾದರೆ ಪ್ರಥಮ ಸ್ಥಾನ ತಪ್ಪು. ಅದಕ್ಕೆ ಸಹಿ ಹಾಕಿದ ಮೇಲಿನವರೂ ತಪ್ಪು. ಇಲ್ಲವೆಂದರೆ ಸಾಲಿನಲ್ಲಿ ನಿಂತ ಜನ ಬಿಡುವವರಲ್ಲ. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಆದೇಶ ಹೊರಟಿತು. ಕಚೇರಿಯ ಪರದೆಗಳಲ್ಲಿ ಏಕರೂಪತೆ ಕಾಪಾಡುವ ಸಲುವಾಗಿ, ಸರಿಹೋದ ಪರದೆಯ ಕೆಳಗಿನ ಎರಡು ಬೆರಳಷ್ಟು ಭಾಗಕ್ಕೆ ಕಪ್ಪು ಟೇಪು ಅಂಟಿಸತಕ್ಕದ್ದು. ‘ಅಗೋಚರ ಮಂಜೂರಾತಿ ವಿಭಾಗ’ ಎಂಬ ಹೊಸ ವಿಭಾಗ ತೆರೆದು ಟೈಪಿಸ್ಟಮ್ಮನನ್ನು ಅದರ ಮೇಲ್ವಿಚಾರಕಿಯಾಗಿ ನೇಮಿಸತಕ್ಕದ್ದು. ತಾನು ಗುಂಡಿಯನ್ನು ಕಂಡಿಲ್ಲ, ಮುಂದೆಯೂ ಕಾಣುವುದಿಲ್ಲ ಎಂದು ಪ್ರತಿ ಅರ್ಜಿದಾರನೂ ಮುಚ್ಚಳಿಕೆ ಬರೆದುಕೊಡತಕ್ಕದ್ದು.

ಮುಚ್ಚಳಿಕೆಯ ಫಾರಮ್ಮು ಸಾಹೇಬರ ಭಾವಮೈದುನನ ಅಂಗಡಿಯಲ್ಲಿ ಸಿಗುತ್ತದೆ. ಮೊದಲಿಗಿಂತ ಎಷ್ಟೋ ವಾಸಿ ಎಂದು ಜನ ಸಂತೋಷಪಟ್ಟರು. ಹೊಸ ಹುದ್ದೆಗೆ ಸಂಬಳ ತುಸು ಹೆಚ್ಚೆಂದು ಟೈಪಿಸ್ಟಮ್ಮನೂ ಬೇಡವೆನ್ನಲಿಲ್ಲ. ಟೇಪಿನ ಕೆಳಗಿನ ಗುಂಡಿಯನ್ನು ಒಂಬತ್ತು ಎಣಿಸಿ ಒತ್ತುತ್ತಾರೆ. ಮೌಸಿನಿಂದ ಒತ್ತುವುದು ನಿಯಮಬಾಹಿರ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸೆಕೆಗೆ ಟೇಪಿನ ಅಂಟು ಬಿಟ್ಟು ಒಂದು ತುದಿ ಜೋತುಬಿತ್ತು. ಹಸಿರು ಗುಂಡಿ ಇಣುಕಿತು. ಟೈಪಿಸ್ಟಮ್ಮನ ಬೆರಳು ಎಣಿಕೆಯ ಮಧ್ಯದಲ್ಲೇ ನಿಂತಿತು. ಎದುರಿಗಿದ್ದ ಅರ್ಜಿದಾರ, ಆರು ತಿಂಗಳಿಂದ ಓಡಾಡುತ್ತಿದ್ದ ಬಡಗಿ, ಥಟ್ಟನೆ ಮುಖ ಆಚೆ ತಿರುಗಿಸಿಕೊಂಡ. ಹಾಗೆಯೇ ಕೈ ಚಾಚಿ, ತಡವರಿಸಿ, ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ.

“ನಾನೇನೂ ನೋಡಿಲ್ಲ ಕಣಮ್ಮ. ಮೊದಲಿಂದ ಎಣಿಸಿ,” ಎಂದ.