ರೇಸಿನ ಕಾರೂ ಮಾವನ ಹರಿವಾಣವೂ

ಕೆಲವರು ಓಡಿಸುವುದಕ್ಕೆ ಕಾರು ಇಟ್ಟುಕೊಳ್ಳುತ್ತಾರೆ, ನಾನು ಕೂರುವುದಕ್ಕೆ ಇಟ್ಟುಕೊಂಡಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೀಗ ನಾಚಿಕೆಯಿಲ್ಲ, ವಯಸ್ಸಾದ ಮೇಲೆ ಮನುಷ್ಯನಿಗೆ ಉಳಿಯುವ ಸುಖಗಳಲ್ಲಿ ತಪ್ಪೊಪ್ಪಿಗೆಯೂ ಒಂದು. ಅರವತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಸಂಜೆ ಮನೆಗೆ ಬಂದವನೇ ಕಾಫಿ ಲೋಟ ಹಿಡಿದು, ಹಿತ್ತಲಿನ ಹೊಂಗೆ ಮರದ ಕೆಳಗೆ ನಿಂತಿದ್ದ ಎರಡೇ ಸೀಟಿನ, ಮೇಲ್ಛಾವಣಿಯಿಲ್ಲದ ಹಸಿರು ರೇಸಿನ ಕಾರಿನಲ್ಲಿ ಕೂತುಬಿಡುತ್ತಿದ್ದೆ. ಸುತ್ತಲಿನ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಕಣ್ಣನ್ನು ಅರ್ಧ ಮುಚ್ಚಿದರೆ ಆ ಸದ್ದೇ ಇಂಜಿನ್ನಿನ ಸದ್ದಾಗುತ್ತಿತ್ತು. ಹೊಂಗೆಯ ಹೂ ಮಡಿಲಿಗೆ ಉದುರುವಾಗ ನಾನು ಯಾವುದೋ ಸಮುದ್ರದ ದಂಡೆಯ ರಸ್ತೆಯಲ್ಲಿ ಹೋಗುತ್ತಿರುತ್ತಿದ್ದೆ. ಕಾಫಿ ಆರಿಹೋಗಿರುತ್ತಿತ್ತು. ನಾನು ಹೀಗೆ ತೇಲುತ್ತಾ ಕೂತಿರುವುದನ್ನು ನೋಡಿ ಊರವರು ಅದನ್ನು ಮೇಷ್ಟ್ರ ದೋಣಿ ಎಂದು ಕರೆಯುತ್ತಿದ್ದರು.

ದೋಣಿ ಎನ್ನಲು ಇನ್ನೊಂದು ಕಾರಣವೂ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅದು ನನ್ನ ಹಿತ್ತಲಿಗೆ ಬಂದ ಬಗೆ ಹೇಳಬೇಕು. ಬೆಂಗಳೂರಿನ ವಕೀಲರೊಬ್ಬರ ಮಗ ಒಂದು ಕಾಲದಲ್ಲಿ ಅದರಲ್ಲಿ ರೇಸು ಓಡಿದ್ದನಂತೆ, ಎರಡು ಬೆಳ್ಳಿ ಕಪ್ಪೂ ಗೆದ್ದಿದ್ದನಂತೆ. ಮದುವೆಯಾದ ಮೇಲೆ, ಹೆಂಡತಿಯ ಜಡೆ ಗಾಳಿಗೆ ಬಿಚ್ಚಿಹೋಗುತ್ತದೆ ಎಂದು ಕಾರನ್ನು ಮೂಲೆಗೆ ತಳ್ಳಿದ. ಕಾರಿನೊಳಗೆ ಕೋಳಿ ಮೊಟ್ಟೆಯಿಡಲು ಶುರುಮಾಡಿದ ದಿನ ವಕೀಲರು, "ಯಾರಾದ್ರೂ ಇದನ್ನ ಎಳ್ಕೊಂಡು ಹೋದ್ರೆ ಸಾಕಪ್ಪಾ" ಅಂದರು. ಹಾಗೆ ಅನ್ನುವ ಹೊತ್ತಿಗೆ ಯಾವುದೋ ಕಾಗದಪತ್ರದ ಕೆಲಸಕ್ಕೆ ಹೋಗಿ ಅವರ ಎದುರಿಗೆ ನಿಂತಿದ್ದವನು ನಾನು. ಹಣೆಬರಹ ಅಂದರೆ ಇದೇ ಇರಬೇಕು.

ನನ್ನ ಹೆಂಡತಿ ಜಯಮ್ಮ ಬೂದಿಗೆರೆಯ ರೈತರ ಮನೆಯ ಹುಡುಗಿ. ಹುಟ್ಟಿದಾಗಿನಿಂದ ಹೊಲದಲ್ಲಿ ನಿಂತು ದೂರದಲ್ಲಿ ನೀಲಿಯಾಗಿ ಕಾಣುವ ನಂದಿಬೆಟ್ಟವನ್ನು ನೋಡಿದ್ದಳೇ ಹೊರತು ಒಂದು ದಿನವೂ ಹತ್ತಿದವಳಲ್ಲ. ಮದುವೆಯಾದ ಹೊಸದರಲ್ಲಿ, ಹೊಸ ಗಂಡಂದಿರಿಗೆಲ್ಲ ಬರುವ ಹುರುಪಿನಲ್ಲಿ, "ಮೋಡ ನಿನ್ನ ಕಾಲ ಕೆಳಗೆ ಇರೋ ಹಾಗೆ ತೋರಿಸ್ತೀನಿ, ನೋಡ್ತಿರು" ಎಂದು ಮಾತು ಕೊಟ್ಟುಬಿಟ್ಟಿದ್ದೆ. ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದಿತ್ತು. ಆದರೆ ಕಾರು ಬಂದ ಮೇಲೆ ಬಸ್ಸೆಂದರೆ ಅವಮಾನ. ಒಟ್ಟು ನಾಲ್ಕು ಭಾನುವಾರ ಹೊರಟೆವು. ನಾಲ್ಕು ಸಲವೂ ತೂಬಗೆರೆ ದಾಟುವುದರೊಳಗೆ ಕಾರು ಬುಸ್ಸೆಂದು ಆವಿ ಬಿಟ್ಟು ನಿಂತಿತು. ನಾಲ್ಕನೆಯ ಸಲ ಅವಳು ಹುರುಳಿ ಮೂಟೆ ಹೇರಿದ್ದ ಎತ್ತಿನ ಗಾಡಿ ಹತ್ತಿ, ತಿರುಗಿಯೂ ನೋಡದೆ ಮನೆಗೆ ಹೋದಳು. ರೇಷ್ಮೆ ಸೀರೆ ಉಟ್ಟು ಮೂಟೆಯ ಮೇಲೆ ನೆಟ್ಟಗೆ ಕೂತಿದ್ದ ಅವಳ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ.

ಇಂಜಿನ್ನಿನ ನೀರು ಎಲ್ಲಿಂದಲೋ ಸೋರಿ ಕಾರಿನ ಕೆಳಗೆ ಸದಾ ನಿಂತಿರುತ್ತಿತ್ತು. ದೋಣಿ ಎನ್ನಲು ಇದು ಎರಡನೆಯ ಕಾರಣ. ಲಾರಿ ಡ್ರೈವರೊಬ್ಬ ಉಪಾಯ ಹೇಳಿಕೊಟ್ಟ: "ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಹಾಕಿ ಸಾರ್, ತೂತು ತಾನೇ ಮುಚ್ಕೊಳ್ಳುತ್ತೆ." ಹಾಕಿದೆ. ಒಂದು ವಾರ ನಿಂತಿತು, ಮತ್ತೆ ಸೋರಿತು, ಮತ್ತೆ ಹಾಕಿದೆ. ಅಡುಗೆಮನೆಯ ಡಬ್ಬಿ ಖಾಲಿಯಾಗತೊಡಗಿತು. ಕಾರಿನ ಪಕ್ಕೆಯಿಂದ ಹಳದಿ ನೀರು ಇಳಿದು, ಅದು ಅರಿಶಿನದ ಶಾಸ್ತ್ರಕ್ಕೆ ಕೂತ ಮದುಮಗಳಂತೆ ಕಾಣುತ್ತಿತ್ತು. ಬಿಸಿಯಾದಾಗ ಹಿತ್ತಲೆಲ್ಲ ಸಾರಿನ ವಾಸನೆ. "ಸಾರಿಗೆ ಹಾಕೋಕೆ ಚಿಟಿಕೆ ಅರಿಶಿನ ಇಲ್ಲ, ಸವತಿಗೆ ಮಾತ್ರ ದಿನಾ ಎಣ್ಣೆ ಅರಿಶಿನ!" ಎಂದು ಜಯಮ್ಮ ಡಬ್ಬಿಯನ್ನೇ ಎಲ್ಲೋ ಬಚ್ಚಿಟ್ಟಳು.

ಹುರುಳಿ ಮೂಟೆಯ ಪ್ರಸಂಗವಾದ ಮಾರನೆಯ ದಿನ ಅವಳು ಒಂದು ವಾರಕ್ಕೆಂದು ತವರಿಗೆ ಹೊರಟಳು. ಹೊಸಿಲು ದಾಟುವಾಗ, "ನಿಮ್ಮ ಮಾತೂ ನಿಮ್ಮ ಕಾರೂ ಎರಡೂ ಒಂದೇ ಕಣ್ರೀ, ಅರ್ಧ ದಾರಿವರೆಗೆ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ, ಬೇಸರದಿಂದ ಹೇಳಿದಳು, ಅದಕ್ಕೇ ನನಗೆ ತುಂಬ ನೋವಾಯಿತು. ಆ ಮೋಡವನ್ನು ಅವಳಿಗೆ ತೋರಿಸದಿದ್ದರೆ ಇನ್ನು ನನ್ನ ಯಾವ ಮಾತನ್ನೂ ಅವಳು ನಂಬುವುದಿಲ್ಲ ಎಂದು ಗೊತ್ತಾಯಿತು.

ಕಾರನ್ನು ಆಚಾರಿಯ ಶೆಡ್ಡಿಗೆ ತಳ್ಳಿಸಿಕೊಂಡು ಹೋದೆ. ಆಚಾರಿಯ ಮನೆತನದವರು ತಲೆತಲಾಂತರದಿಂದ ಕಂಚು ಹಿತ್ತಾಳೆ ಎರಕ ಹೊಯ್ದವರು. ಇವನು ಮಾತ್ರ ಪಂಪ್‌ಸೆಟ್ಟು, ಲಾರಿ, ಮಗ್ಗದ ಮೋಟಾರು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದ. ಹೊಗೆಯ ಕೊಳವೆಗಳನ್ನು ಬಿಚ್ಚಿ, ಇಂಜಿನ್ನಿನ ಪಕ್ಕೆಯಲ್ಲಿ ಸಾಲಾಗಿ ಕೂತಿದ್ದ ನಾಲ್ಕು ದುಂಡು ಬಿಲ್ಲೆಗಳನ್ನು ತೋರಿಸಿದ. ರೂಪಾಯಿಗಿಂತ ಒಂದಿಷ್ಟು ದೊಡ್ಡವು, ತುಕ್ಕು ತಿಂದು ಹಪ್ಪಳವಾಗಿದ್ದವು. ಒಂದನ್ನು ಬೆರಳಲ್ಲಿ ಒತ್ತಿದ. ಬೆರಳು ಒಳಗೆ ಹೋಯಿತು, ನನ್ನ ಅರಿಶಿನವೆಲ್ಲ ಹೊರಗೆ ಬಂತು.

ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಾನು ಓದಿದ್ದೆ. ಇಂಥ ಕಡೆ ಸುಮ್ಮನಿರುವ ಜಾಯಮಾನ ಮೇಷ್ಟ್ರುಗಳದ್ದಲ್ಲ. "ಇದಕ್ಕೆ ಫ್ರೀಜ್ ಪ್ಲಗ್ ಅಂತಾರೆ ಆಚಾರಿ. ಶೀತದೇಶದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಇಂಜಿನ್ ಸೀಳಬಾರದು ಅಂತ, ಇದು ಕಳಚಿ ಜಾಗ ಕೊಡುತ್ತೆ" ಎಂದು ಎಂಟನೇ ತರಗತಿಯ ಪಾಠವನ್ನು ಪೂರ್ತಿ ಮಾಡಿದೆ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣ ಮುಂದೆ ದೊಡ್ಡಬಳ್ಳಾಪುರದ ಮೇಲೆಲ್ಲ ಹಿಮ ಬೀಳತೊಡಗಿತು. ಬಸ್ ಸ್ಟ್ಯಾಂಡು ಬೆಳ್ಳಗಾಯಿತು, ಕೆರೆ ಗಾಜಾಯಿತು, ಹೆಡ್‌ಮಾಸ್ಟರು ಕಂಬಳಿ ಹೊದ್ದು ಜಾರುತ್ತಾ ಸ್ಕೂಲಿಗೆ ಬಂದರು. ಆಚಾರಿ ಬೀಡಿ ಆರಿಸಿ, "ಹಿಮಾನೂ ಇಲ್ಲ ಗಿಮಾನೂ ಇಲ್ಲ ಮೇಷ್ಟ್ರೇ. ಎರಕ ಹೊಯ್ದಾಗ ಒಳಗಿನ ಮರಳು ತೆಗಿಯಾಕೆ ತೂತು ಬಿಟ್ಟವ್ರೆ, ಆಮೇಲೆ ಬಿಲ್ಲೆ ಬಡಿದು ಮುಚ್ಚವ್ರೆ. ನಮ್ಮಪ್ಪ ಮಾಡ್ತಿದ್ದ ಕೆಲ್ಸನೇ" ಅಂದ. ಹಿಮ ತಟ್ಟನೆ ಕರಗಿಹೋಯಿತು.

ಹೊಸ ಬಿಲ್ಲೆ ಬೆಂಗಳೂರಿನ ಅಂಗಡಿಗಳಲ್ಲೆಲ್ಲೂ ಸಿಗಲಿಲ್ಲ. ಹಳೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರೆ, ಒಬ್ಬ ಅಂಗಡಿಯವನು ಮೂಗಿನ ಹತ್ತಿರ ಹಿಡಿದು, "ಏನ್ ಸಾರ್, ಸಾರಿನ ವಾಸ್ನೆ ಬರ್ತದೆ?" ಅಂದ. ಆಚಾರಿ ಹೇಳಿದ: "ಹಿತ್ತಾಳೆ ತನ್ನಿ, ನಾನೇ ಮಾಡ್ತೀನಿ. ತುಕ್ಕೂ ಹಿಡಿಯಲ್ಲ. ಆದ್ರೆ ಅಂಗಡಿ ತಗಡು ಬ್ಯಾಡ, ಹಳೇ ಕಾಲದ ದಪ್ಪ ಹಿತ್ತಾಳೆ ಆಗ್ಬೇಕು."

ಹಳೇ ಕಾಲದ ದಪ್ಪ ಹಿತ್ತಾಳೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನಮ್ಮ ಅಟ್ಟದ ಮೇಲೆ, ಗೋಣಿಚೀಲದಲ್ಲಿ, ಮದುವೆಗೆ ನನ್ನ ಮಾವ ಕೊಟ್ಟ ಹರಿವಾಣ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಕೆಳಗಿಳಿಯುತ್ತಿತ್ತು. ಅದರ ನಡುವೆ, ನಮ್ಮ ಕಡೆ ಎಲ್ಲ ಪಾತ್ರೆಗೂ ಕೊರೆಸುವ ಹಾಗೆ, ಚುಕ್ಕಿ ಚುಕ್ಕಿಯಾಗಿ ಕೊರೆಸಿತ್ತು: ಚಿ. ಸೌ. ಜಯಮ್ಮನಿಗೂ ಚಿ. ರಾ. ನಂಜಪ್ಪನಿಗೂ ಬೂದಿಗೆರೆ ಮುನಿಶಾಮಪ್ಪನ ಆಶೀರ್ವಾದ. ನಂಜಪ್ಪ ಎಂದರೆ ನಾನು. ಮಾವನ ಹೆಸರು ಕಣ್ಣಿಗೆ ಬೀಳದಿರಲೆಂದು ಹರಿವಾಣವನ್ನು ಬೋರಲು ಹಿಡಿದುಕೊಂಡು, ನನ್ನ ಮನೆಯಿಂದ ನಾನೇ ಕಳ್ಳನಂತೆ ಹಿತ್ತಲ ಬಾಗಿಲಿನಿಂದ ಹೊರಟೆ.

ಆಚಾರಿ ಹರಿವಾಣವನ್ನು ತಿರುಗಿಸಿ ನೋಡಿದ. "ಹೆಸರು ಐತಲ್ಲ ಮೇಷ್ಟ್ರೇ! ಅಮ್ಮಾವ್ರಿಗೆ ಗೊತ್ತಾ?"

"ಅವಳೇ ಕೊಟ್ಟಿದ್ದು" ಎಂದೆ. ಸುಳ್ಳು ಹೇಳುವಾಗ ಮೇಷ್ಟ್ರುಗಳ ದನಿ ಇನ್ನಷ್ಟು ಗಟ್ಟಿಯಾಗುತ್ತದೆ.

ಅಂಚು ತೆಳುವಾಗಿತ್ತು, ನಡುಭಾಗವೇ ದಪ್ಪ. ಅಲ್ಲೇ ಕತ್ತರಿಸಬೇಕಾಯಿತು. ಅಕ್ಷರವನ್ನು ಸೀಳಬಾರದೆಂದು ಅವನು ಅರ್ಧ ದಿನ ಕೈವಾರ ಹಿಡಿದು ಗೆರೆ ಎಳೆದ. ನಾಲ್ಕು ಬಿಲ್ಲೆ ಬಂದವು: ಒಂದರಲ್ಲಿ ಜಯಮ್ಮ, ಒಂದರಲ್ಲಿ ಮುನಿಶಾ, ಒಂದರಲ್ಲಿ ಆಶೀರ್ವಾ, ಒಂದರಲ್ಲಿ ನಂಜಪ್ಪ. ಒಂದೊಂದನ್ನೂ ಬಡಿದು ಸ್ವಲ್ಪ ಉಬ್ಬಿಸಿದ. ತೂತಿನ ಬಾಯಿಗೆ ಇಟ್ಟು ನಡುಮಧ್ಯಕ್ಕೆ ಒಂದೇ ಏಟು ಹೊಡೆದರೆ ಉಬ್ಬು ಇಳಿದು, ಅಂಚು ಹರಡಿ, ಬಿಲ್ಲೆ ಬಿಗಿಯಾಗಿ ಕಚ್ಚಿಕೊಳ್ಳಬೇಕು. ಆದರೆ ಅಕ್ಷರಗಳನ್ನೆಲ್ಲ ಹೊರಮುಖವಾಗಿ ಇಡುತ್ತಿದ್ದುದನ್ನು ಕಂಡು ಅವನ ಕೈ ಹಿಡಿದೆ. "ಒಳಗಡೆ ತಿರುಗಿಸಪ್ಪಾ" ಅಂದೆ. "ಅಯ್ಯೋ, ಬಿಡ್ತು ಅನ್ನಿ! ಅಕ್ಷರ ಅಂದ್ರೆ ಸರಸ್ವತಿ. ಕುದಿಯೋ ನೀರಿಗೆ ಹಾಕ್ತೀರಾ, ಮೇಷ್ಟ್ರಾಗಿ?" ಅಂದ.

ಮೂರನ್ನು ಅವನೇ ಹೊಡೆದ. ಕೊನೆಯದಕ್ಕೆ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಹೆಸರಿಂದು ನೀವೇ ಹೊಡೀರಿ. ಒಂದೇ ಏಟು, ಜ್ಞಾನ ಇಲ್ಲೇ ಇರ್ಲಿ" ಎಂದ. ಸುತ್ತಿಗೆ ಎತ್ತಿದೆ. ಎತ್ತಿದ ಕೈ ಮೇಲಿರುವಾಗಲೇ ನಾನು ನಂದಿಬೆಟ್ಟದ ಮೇಲಿದ್ದೆ. ಕಾಲ ಕೆಳಗೆ ಹತ್ತಿಯಂಥ ಮೋಡ, ಪಕ್ಕದಲ್ಲಿ ಜಯಮ್ಮ, ಅವಳ ಸೆರಗು ಗಾಳಿಗೆ ನನ್ನ ಮುಖಕ್ಕೆ ತಾಗುತ್ತಿತ್ತು. ಠಣ್ ಎಂದು ಸದ್ದಾದಾಗ ಇಳಿದು ಬಂದೆ. "ಹೂಂ... ಕೂತೈತೆ" ಎಂದ ಆಚಾರಿ. ಆ ಹೂಂಕಾರ ಸ್ವಲ್ಪ ಉದ್ದವಾಗಿತ್ತು ಎನ್ನುವುದು ನನಗೆ ಆಮೇಲೆ ನೆನಪಾಯಿತು.

ಜಯಮ್ಮ ಊರಿನಿಂದ ಬಂದಾಗ ಕೈ ಮುಗಿದು ಕೇಳಿದೆ: "ಇದೊಂದೇ ಸಲ ಬಾ. ಈ ಸಲವೂ ದಾರೀಲಿ ನಿಂತ್ರೆ ಕಾರನ್ನ ಆಚಾರಿಗೆ ಕೊಟ್ಟುಬಿಡ್ತೀನಿ, ಆಮೇಲೆ ಆ ಬೆಟ್ಟದ ಹೆಸರೂ ಎತ್ತಲ್ಲ." ಅವಳು ಊರಿನಿಂದ ತಂದ ಚೀಲ ಕೆಳಗಿಟ್ಟು, "ಚಿತ್ರಾನ್ನ ಮಾಡ್ಕೊಳ್ಳಲಾ, ಮೊಸರನ್ನ ಮಾಡ್ಕೊಳ್ಳಲಾ?" ಅಂದಳು.

ಭಾನುವಾರ ಇನ್ನೂ ಮಬ್ಬಿರುವಾಗಲೇ ಹೊರಟೆವು. ಅವಳು ತಲೆಗೆ ಬಿಗಿಯಾಗಿ ಸೆರಗು ಸುತ್ತಿಕೊಂಡು, ತೊಡೆಯ ಮೇಲೆ ಬುತ್ತಿಯ ಚೀಲ ಇಟ್ಟುಕೊಂಡಿದ್ದಳು. ತೂಬಗೆರೆ ಬಂತು. ಇಬ್ಬರೂ ಉಸಿರು ಬಿಡಲಿಲ್ಲ. ತೂಬಗೆರೆ ಹಿಂದೆ ಹೋಯಿತು. ಹುಣಸೆ ಮರಗಳು, ರಾಗಿ ಹೊಲಗಳು, ಹೊಲದ ಮೇಲೆ ಮೊಣಕಾಲೆತ್ತರದ ಮಂಜು. ಬೆಟ್ಟದ ತಿರುವುಗಳಲ್ಲಿ ಮುದುಕ ಕಾರಿಗೆ ಹಳೆಯ ರೇಸುಗಳು ನೆನಪಾದವೋ ಏನೋ, ಗುರುಗುಟ್ಟುತ್ತಾ ಹತ್ತಿಬಿಟ್ಟಿತು. ಮೇಲೆ ನಿಲ್ಲಿಸಿ ಇಳಿದೆವು. ಕೆಳಗೆ ಊರಿಲ್ಲ, ಕೆರೆಯಿಲ್ಲ, ಬೂದಿಗೆರೆಯೂ ಇಲ್ಲ, ಕಣ್ಣು ಹರಿಯುವಷ್ಟು ದೂರ ಬರೀ ಬಿಳಿ ಮೋಡ. ಜಯಮ್ಮ ನನ್ನ ತೋಳು ಹಿಡಿದುಕೊಂಡಳು, ಅಷ್ಟೇ. ಇಷ್ಟು ವರ್ಷ ಕಾರಿನಲ್ಲಿ ಕೂತು ಕಂಡ ಕನಸುಗಳಲ್ಲಿ ಒಂದೂ ಇದಕ್ಕೆ ಸಮವಿರಲಿಲ್ಲ. ನಾನು ಬಹಳ ಸಂತೋಷವಾಗಿದ್ದೆ.

ಟಪ್, ಟಪ್ ಎಂದು ಹಿಂದಿನಿಂದ ಸದ್ದು ಬಂತು.

ಓಡಿಹೋಗಿ ಬಾನೆಟ್ ಎತ್ತಿದೆ. ಎತ್ತಬಾರದಿತ್ತು ಎಂದು ಹೊಳೆಯುವಷ್ಟರಲ್ಲಿ ಅವಳೂ ಪಕ್ಕಕ್ಕೆ ಬಂದು ಬಗ್ಗಿದ್ದಳು. ಕೊಳವೆಗಳ ಸಂದಿಯಲ್ಲಿ, ಎಳೆ ಬಿಸಿಲಿಗೆ, ನಾಲ್ಕು ಹಿತ್ತಾಳೆ ಬಿಲ್ಲೆಗಳು ಫಳಫಳ ಹೊಳೆಯುತ್ತಿದ್ದವು. ಜಯಮ್ಮ ಮೂರನೇ ತರಗತಿಯ ಮಕ್ಕಳ ಹಾಗೆ ದೂರದಿಂದಲೇ ಬೆರಳು ತೋರಿಸುತ್ತಾ ಒಂದೊಂದಾಗಿ ಓದಿದಳು. "ಜಯಮ್ಮ... ಮುನಿಶಾ... ಇದು ನಮ್ಮಪ್ಪನ ಹರಿವಾಣ ಅಲ್ವೇನ್ರೀ?"

ನಾನು ತುಕ್ಕಿನ ವಿಷಯ, ಹಿತ್ತಾಳೆಯ ವಿಷಯ, ಶೀತದೇಶಗಳ ವಿಷಯ ಏನೇನೋ ಹೇಳಿದೆ. ಅವಳಿಗೆ ಕೇಳಿಸಿದಂತಿರಲಿಲ್ಲ. ಬಗ್ಗಿಕೊಂಡೇ ಇದ್ದಳು. ಅಳುತ್ತಿದ್ದಾಳೆಂದುಕೊಂಡೆ, ಭುಜ ಅಲುಗುತ್ತಿತ್ತು. ಮುಖ ಎತ್ತಿದಾಗ ನೋಡಿದರೆ ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂದಿತ್ತು.

"ಸರಿಯಾಗಿ ನೋಡಿ. ನಮ್ಮಪ್ಪ ಸೋರ್ತಿಲ್ಲ. ನಾನೂ ಸೋರ್ತಿಲ್ಲ. ಆಶೀರ್ವಾದವೂ ಗಟ್ಟಿಯಾಗೇ ಇದೆ. ಸೋರ್ತಾ ಇರೋದು ಯಾರು, ಓದಿ ಮೇಷ್ಟ್ರೇ!"

ಬಗ್ಗಿ ಓದಿದೆ. ನಂಜಪ್ಪ ಎಂಬ ಅಕ್ಷರಗಳು ವಾರೆಯಾಗಿ ಕೂತಿದ್ದವು, ಅವುಗಳ ಕೆಳಗಿನಿಂದ ಹನಿ ಹನಿಯಾಗಿ ನೀರು ಇಳಿಯುತ್ತಿತ್ತು. ನಾನು ತಲೆ ತಗ್ಗಿಸಿ ನಿಂತಿರುವಾಗ ಜಯಮ್ಮ ಬುತ್ತಿಯ ಚೀಲಕ್ಕೆ ಕೈ ಹಾಕಿ, ಚಿತ್ರಾನ್ನದ ಡಬ್ಬಿಯ ಕೆಳಗಿನಿಂದ ಕಾಗದದ ದೊಡ್ಡ ಪೊಟ್ಟಣವೊಂದನ್ನು ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿದೆ. ಅರಿಶಿನ.

"ನಿಮ್ಮ ಜೊತೆ ಹೊರಡೋಳು ಇದಿಲ್ದೆ ಬರ್ತೀನಾ?" ಅಂದಳು. "ಹಾಕ್ಕೊಳ್ಳಿ, ವಾಪಸ್ ಮನೆಗೆ ಹೋಗ್ಬೇಕಲ್ಲ."